ಹಡಗಿನ ತಳದಲ್ಲಿ ಏನಿತ್ತು?

ನಮ್ಮ ಕಚೇರಿಯ ಮೇಜಿನ ಗಾಜಿನ ಕೆಳಗೆ ರಾಯರದೊಂದು ಪಟವಿದೆ. ಬೆಳಿಗ್ಗೆ ಅದಕ್ಕೆ ಕೈಮುಗಿಯದೆ ನಾವು ಲೇಖನಿ ಮುಟ್ಟಿದವರಲ್ಲ. ಇದನ್ನು ನಾಲ್ಕು ಜನರೆದುರು ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಆ ಹೆಮ್ಮೆ ಇಳಿದುಹೋದ ಕತೆಯನ್ನು ವಾಚಕರ ಮುಂದಿಡಬೇಕಾಗಿದೆ.

ನಮ್ಮ ಮೇಲಂತಸ್ತಿನಲ್ಲಿ ಧಾರವಾಡದ ಕಡೆಯ ಕ್ರೈಸ್ತ ಮಾಸ್ತರರೊಬ್ಬರಿದ್ದಾರೆ, ನಿವೃತ್ತರು. ದೀಪಾವಳಿಗೆ ನಮ್ಮ ಮನೆಯ ಚಕ್ಕುಲಿ ಮೇಲೆ ಹತ್ತುತ್ತದೆ, ಕ್ರಿಸ್‌ಮಸ್ಸಿಗೆ ಅವರ ಮನೆಯ ಕರ್ಚೀಕಾಯಿ ಕೆಳಗಿಳಿಯುತ್ತದೆ. ಕಳೆದ ಸಲ ತಟ್ಟೆ ಹಿಂತಿರುಗಿಸಲು ಹೋದಾಗ ಅವರ ಮೊಮ್ಮಕ್ಕಳು 'ಅಮೇಝಿಂಗ್ ಗ್ರೇಸ್' ಎಂಬ ಇಂಗ್ಲಿಷ್ ಕೀರ್ತನೆಯನ್ನು ಹಾಡುತ್ತಿದ್ದರು. "ಬರೆದವನು ಎಂಥ ಭಕ್ತನೋ!" ಎಂದೆವು.

ಮಾಸ್ತರರು ಕನ್ನಡಕ ಒರೆಸುತ್ತ, "ಭಕ್ತ ಖರೇರೀ. ಹಡಗದ ಮ್ಯಾಲೆ ತಪ್ಪದ ಪ್ರಾರ್ಥನಾ ಮಾಡತಿದ್ದ. ಆದ್ರ ಆ ಹಡಗದ ತಳದಾಗ ಏನಿತ್ತು, ಗೊತ್ತದ ಏನ್ರೀ?" ಎಂದರು.

ಇದ್ದದ್ದು ಮನುಷ್ಯರು. ಕೀರ್ತನೆಯ ಕರ್ತೃ ಜಾನ್ ನ್ಯೂಟನ್, ಸೇಬಿನ ಹಣ್ಣಿನ ನ್ಯೂಟನ್ ಅಲ್ಲ, 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನಾವಿಕ. 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ, ಹಡಗು ಮುಳುಗುವ ಹೊತ್ತಿನಲ್ಲಿ ದೇವರನ್ನು ನೆನೆದು ಬದುಕಿ ಬಂದವನು. ಅಂದೇ ಆತ ಗುಲಾಮರ ವ್ಯಾಪಾರವನ್ನು ಬಿಟ್ಟನೆಂದು ಹಲವರು ಹೇಳುವುದುಂಟು. ನಿಜ ಹಾಗಿಲ್ಲ. ಆ ಬಿರುಗಾಳಿಯಾದ ಮೇಲೆಯೇ, 1750ರಿಂದ 1754ರವರೆಗೆ, ಆತ ಗುಲಾಮರ ಹಡಗಿನ ಕಪ್ತಾನನಾಗಿ ಮೂರು ಸಲ ಯಾನ ಮಾಡಿದನು. ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಗಂಡು ಹೆಣ್ಣು ಮಕ್ಕಳನ್ನು ಕೊಂಡು, ಸಂಕೋಲೆ ತೊಡಿಸಿ, ಅಟ್ಟದ ಕೆಳಗೆ ತುಂಬಿ, ವೆಸ್ಟ್ ಇಂಡೀಸಿನಲ್ಲಿ ಮಾರುವ ಕಸುಬು. ಮೇಲೆ ಭಾನುವಾರ ಎರಡು ಹೊತ್ತು ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದನು. ದಂಗೆಯ ಸಂಶಯ ಬಂದಾಗ ಹುಡುಗರ ಹೆಬ್ಬೆರಳು ಹಿಸುಕುವ ಸಲಕರಣೆ ಹಾಕಿಸಿದ್ದನ್ನೂ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಇವನನ್ನು ಏನೆನ್ನೋಣ? "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂಬ ಗಾದೆ ಇಲ್ಲಿ ಹೊಂದುವುದಿಲ್ಲ. ಬದನೆಕಾಯಿ ತಿನ್ನುವ ಪುರಾಣಿಕನಿಗೆ ತಾನು ತಿನ್ನುತ್ತಿರುವುದು ಗೊತ್ತು. ನ್ಯೂಟನ್ನನಿಗೆ ಗೊತ್ತಿರಲಿಲ್ಲ. ಅವನ ಪ್ರಾರ್ಥನೆ ನಟನೆಯಾಗಿರಲಿಲ್ಲ, ಮನಸ್ಸಿಟ್ಟೇ ಮಾಡುತ್ತಿದ್ದನು. ಆ ಪ್ರಾರ್ಥನೆ ಕೆಳಗಿನ ತಳಕ್ಕೆ ಇಳಿಯುತ್ತಿರಲಿಲ್ಲ, ಅಷ್ಟೇ. ಇದು ಡಾಂಭಿಕತನದ ಸೂಕ್ಷ್ಮವಾದ ಬಗೆ. ಹೊರಗಿನವರಿಗಿಂತ ತನಗೇ ಕಾಣದಿರುವಂಥದು.

ಯೇಸುವಿನ ಕೋಪವೆಲ್ಲ ಈ ಬಗೆಯ ಮೇಲೆಯೇ ಎಂದರು ಮಾಸ್ತರರು. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯವನ್ನು ತೆಗೆದು ತೋರಿಸಿದರು. ಫರಿಸಾಯರು ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲಿಯೂ ಹತ್ತರಲ್ಲೊಂದು ಪಾಲನ್ನು ದೇವರಿಗೆಂದು ಎಣಿಸಿ ತೆಗೆದಿಡುತ್ತಿದ್ದರಂತೆ. ನ್ಯಾಯ, ಕರುಣೆಗಳ ಲೆಕ್ಕ ಮಾತ್ರ ಮರೆತುಹೋಗುತ್ತಿತ್ತಂತೆ. ನಮ್ಮ ಅಡಿಗೆಮನೆಯ ಡಬ್ಬಿಗಳು ಬೈಬಲ್ಲಿನಲ್ಲಿರುವುದನ್ನು ಕಂಡು ನಾವು ನಕ್ಕೆವು. ಮಾಸ್ತರರು ನಗಲಿಲ್ಲ.

ನ್ಯೂಟನ್ನನ ಮುಂದಿನ ಕತೆ ಕೇಳಿ. 1754ರಲ್ಲಿ ಆತ ಕಡಲು ಬಿಟ್ಟದ್ದೂ ಪಶ್ಚಾತ್ತಾಪದಿಂದಲ್ಲ, ಕಾಯಿಲೆಯಿಂದ. ಬಳಿಕ ಲಿವರ್‌ಪೂಲಿನ ಸುಂಕದ ಇಲಾಖೆಯಲ್ಲಿ ನಮ್ಮ ಹಾಗೆಯೇ ಸರಕಾರಿ ನೌಕರಿ. 1764ರಲ್ಲಿ ಪಾದ್ರಿಯಾಗಿ ಓಲ್ನಿ ಎಂಬ ಊರಿಗೆ ಬಂದು, 1773ರ ಹೊಸ ವರ್ಷದ ಪ್ರವಚನಕ್ಕೆಂದು ಆ ಕೀರ್ತನೆ ಬರೆದನು. ಆಗಲೂ ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಮಾತಾಡಲಿಲ್ಲ. ಕಡಲು ಬಿಟ್ಟು 34 ವರ್ಷಗಳಾದ ಮೇಲೆ, 1788ರಲ್ಲಿ, ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದನು. ಊರೆಲ್ಲ ಗೌರವಿಸುವ ಲಂಡನ್ನಿನ ಪಾದ್ರಿ, ಅರವತ್ತು ದಾಟಿದವನು, ತಾನೇ ಆ ಪಾಪದಲ್ಲಿ ಪಾಲುಗಾರನಾಗಿದ್ದೆನೆಂದು ಹೆಸರು ಹಾಕಿ ಒಪ್ಪಿಕೊಂಡನು. ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಸಾಕ್ಷಿ ನುಡಿದನು. ಆ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನಿಗೆ ಬೆನ್ನಾದನು. 1807ರ ಮಾರ್ಚಿನಲ್ಲಿ ಬ್ರಿಟನ್ನು ಆ ವ್ಯಾಪಾರವನ್ನು ಕಾಯಿದೆಯಿಂದ ನಿಲ್ಲಿಸಿತು. ಅದೇ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡನು.

"ಕೀರ್ತನಿ ಬರದಾಗ ಅಲ್ಲರೀ, ಆ ಹೊತ್ತಿಗಿ ಬರದಾಗ ಅಂವಾ ಖರೇ ಕ್ರೈಸ್ತ ಆದ" ಎಂಬುದು ಮಾಸ್ತರರ ತೀರ್ಪು. ಒಳಗಿನ ಭಕ್ತಿಗೆ ಹೊರಗಿನ ಗುರುತು ಬೇಡವೆನ್ನುತ್ತೇವೆ. ಒಂದು ಗುರುತು ಬೇಕೆಂದು ನಮಗೀಗ ತೋರುತ್ತದೆ: ತನ್ನ ತಪ್ಪನ್ನು, ಮಾನ ಹೋದರೂ ಸರಿ, ಬಾಯಿಬಿಟ್ಟು ಹೇಳುವ ಧೈರ್ಯ.

ಮರುದಿನ ಕಚೇರಿಯಲ್ಲಿ ಪಟಕ್ಕೆ ಕೈ ಮುಗಿಯಹೋದೆವು. ಆ ಪಟದ ನೇರ ಕೆಳಗೆ ನಮ್ಮ ಡ್ರಾಯರು. ಅದರಲ್ಲಿ ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬರ ಕುಟುಂಬ ಪಿಂಚಣಿಯ ಕಡತ ನಾಲ್ಕು ತಿಂಗಳಿಂದ ಮಲಗಿತ್ತು. ಬೇಕಾದದ್ದು ಒಂದು ದಾಖಲೆಯ ನಕಲು. ತರಿಸಲು ನಾವು ಬರೆಯಬೇಕಾದದ್ದು ಎರಡು ಸಾಲು. ಆಕೆ ಮೂರು ಸಲ ಬಂದಿದ್ದರು. ಮೂರು ಸಲವೂ "ನಾಳೆ ಬನ್ನಿ" ಎಂದಿದ್ದೆವು.

ಅಂದೇ ಬರೆದೆವು, ಕಡತ ಮುಂದೆ ಹೋಯಿತು. ಹಣ ಮಂಜೂರಾದಾಗ ಆಕೆ ಬಂದು ಕೈ ಮುಗಿದರು. ಸುಮ್ಮನಿದ್ದಿದ್ದರೆ ಪುಣ್ಯವಂತರೇ ಆಗಿಬಿಡುತ್ತಿದ್ದೆವು. "ಆಯೀ, ತಡವಾದದ್ದು ಸರಕಾರದಿಂದಲ್ಲ, ನಮ್ಮಿಂದ" ಎಂದು ಮರಾಠಿಯಲ್ಲಿ ಹೇಳಿದೆವು. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ಆಕೆ ಕೊಂಚ ಹೊತ್ತು ಸುಮ್ಮನಿದ್ದು, ಔಷಧಿಗೆಂದು ಎರಡು ಬಳೆ ಮಾರಬೇಕಾಯಿತೆಂದಷ್ಟೇ ಹೇಳಿ ಹೊರಟುಹೋದರು.

ಪಟ ಈಗಲೂ ಅಲ್ಲಿಯೇ ಇದೆ. ಆದರೆ ನಾವು ಮೊದಲು ಡ್ರಾಯರು ತೆರೆಯುತ್ತೇವೆ. ಕೈ ಮುಗಿಯುವುದು ಆಮೇಲೆ.