ಕಳಿಸಿದ ಇ-ಮೇಲ್ ಎಲ್ಲಿ ನಿಂತಿತು?

ನೌಕರಿಗೆ ಅರ್ಜಿ ಕಳಿಸಿದ ಬಂಧುಗಳು ನಮ್ಮ ವಾಚನಾಲಯದಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು: “ಇಲ್ಲಿಂದ ಹೋಯಿತೆಂದು ತೋರಿಸುತ್ತದೆ, ಅವರಿಗೆ ಮುಟ್ಟಿಲ್ಲ. ಹಾಗಾದರೆ ಎಲ್ಲಿದೆ?” ನಮ್ಮ ವಾಚಕರಲ್ಲಿ ಕೆಲವರು ಸಣ್ಣ ಆಫೀಸುಗಳಲ್ಲಿ ಲೆಕ್ಕ ಬರೆಯುವುದರ ಜೊತೆಗೆ ಮೇಲ್ ಸರ್ವರಿನ ಉಸ್ತುವಾರಿಯನ್ನೂ ಹೊತ್ತವರು. ಇಬ್ಬರಿಗೂ ಉಪಯೋಗವಾಗಲೆಂದು ನಾಲ್ಕು ಮಾತು ಬರೆಯುತ್ತೇವೆ.

ಇಂಥ ಸರ್ವರುಗಳಲ್ಲಿ ಹಲವು ಬಗೆ. ನಾವು ಪೋಸ್ಟ್‌ಫಿಕ್ಸ್ ಎಂಬುದನ್ನೇ ಹಿಡಿಯುತ್ತೇವೆ. ಐ.ಬಿ.ಎಂ. ಸಂಶೋಧನಾಲಯದಲ್ಲಿದ್ದಾಗ ವೀಟ್ಸೆ ವೆನೆಮಾ ಅವರು ರಚಿಸಿ 1998ರಲ್ಲಿ ಹೊರತಂದದ್ದು. ಇಂದಿಗೂ ಬೆಲೆಯಿಲ್ಲದೆ ದೊರೆಯುತ್ತದೆ.

ಗಿರಣಿ ಬಲ್ಲವರಿಗೆ ಇದರ ರೀತಿ ಬೇಗ ತಿಳಿಯುತ್ತದೆ. ಬಂದ ಅರಳೆ ಬೇಲುಗಳನ್ನೆಲ್ಲ ಒಮ್ಮೆಗೇ ಯಂತ್ರದ ಮುಂದೆ ಒಟ್ಟುವುದಿಲ್ಲ. ಗೋದಾಮಿನಲ್ಲಿಟ್ಟು, ಜಾಗವಿದ್ದಷ್ಟನ್ನೇ ಒಳಕ್ಕೆ ತರುತ್ತಾರೆ. ಇಲ್ಲಿ ಡಿಸ್ಕೇ ಗೋದಾಮು, ಮೆಮೊರಿಯೇ ಕೆಲಸದ ಜಾಗ. ಬಂದ ಪತ್ರವನ್ನು ಡಿಸ್ಕಿನಲ್ಲಿ ಬರೆದಿಟ್ಟ ನಂತರವೇ ಸರ್ವರು “250” ಎಂಬ ಅಂಕಿಯ ರಶೀದಿ ಕೊಡುತ್ತದೆ. ಆದಕಾರಣ ನಡುವೆ ವಿದ್ಯುತ್ತು ಹೋದರೂ ಪತ್ರ ಸರದಿಯಲ್ಲಿ ಉಳಿದಿರುತ್ತದೆ. ಕೆಲಸದ ಸರದಿಗೆ ಒಮ್ಮೆಗೆ 20,000 ಪತ್ರಗಳಿಗಿಂತ ಹೆಚ್ಚು ಬಾರದಂತೆ ಮೊದಲೇ ಮಿತಿ ಇಟ್ಟಿದ್ದಾರೆ.

ಇನ್ನು ಮುಂದಿನ ಸರ್ವರು ಪತ್ರವನ್ನು ತೆಗೆದುಕೊಳ್ಳದಿದ್ದರೆ? ಅದು ಕೊಡುವ ಉತ್ತರದ ಮೊದಲ ಅಂಕಿಯನ್ನು ನೋಡಬೇಕು. ಈ ಕ್ರಮ 1982ರಷ್ಟು ಹಳೆಯದು. 5ರಿಂದ ಆರಂಭವಾದರೆ ಖಂಡಿತ ನಿರಾಕರಣೆ; ವಿಳಾಸ ತಪ್ಪಿರಬಹುದು; ಪತ್ರ ಕೂಡಲೇ ಹಿಂದಿರುಗುತ್ತದೆ. 4ರಿಂದ ಆರಂಭವಾದರೆ “ಈಗ ಆಗದು, ಆಮೇಲೆ ಬಾ” ಎಂದರ್ಥ. ನಮ್ಮ ಸರ್ವರು ಪತ್ರವನ್ನು ಬದಿಗಿಟ್ಟು, ಮೊದಲು 5 ನಿಮಿಷಕ್ಕೆ, ಬರಬರುತ್ತ ಒಂದು ತಾಸಿನ ಮೇಲೆ ಕೆಲವು ನಿಮಿಷಕ್ಕೊಮ್ಮೆ, ಹೀಗೆ 5 ದಿನ ಯತ್ನಿಸುತ್ತದೆ.

ತೊಂದರೆ ಇರುವುದು ಇಲ್ಲಿಯೇ. ಆ 5 ದಿನ ಕಳಿಸಿದವನಿಗೆ ಒಂದು ಮಾತನ್ನೂ ತಿಳಿಸುವುದಿಲ್ಲ. ಅರ್ಜಿಗೆ ಕೊನೆಯ ದಿನ ಮೂರನೆಯದಾಗಿದ್ದರೆ ಅವನ ಗತಿ ಏನು? ಉಸ್ತುವಾರಿಯವರು ‘ಡಿಲೇ ವಾರ್ನಿಂಗ್ ಟೈಮ್’ ಎಂಬ ಸಾಲಿನಲ್ಲಿ ಸೊನ್ನೆಯ ಬದಲು 4 ಗಂಟೆ ಎಂದು ಬರೆದರೆ, ಅಷ್ಟು ತಡವಾದ ಕೂಡಲೇ ಕಳಿಸಿದವನಿಗೆ ಸೂಚನೆ ಹೋಗುತ್ತದೆ. ಕ್ಷಣದ ಕೆಲಸ, ಇದನ್ನು ಮಾಡದೆ ಬಿಡುವವರೇ ಬಹಳ ಎಂಬುದು ನಮ್ಮ ಅಭಿಪ್ರಾಯ.

ನಿಂತ ಪತ್ರಗಳ ಪಟ್ಟಿಯನ್ನು ‘ಮೇಲ್‌ಕ್ಯೂ’ ಎಂಬ ಆಜ್ಞೆ ತೋರಿಸುತ್ತದೆ, ಪ್ರತಿಯೊಂದರ ಕೆಳಗೆ ಕಾರಣವನ್ನೂ ಬರೆದಿರುತ್ತದೆ. ಕಾರಣ ಓದದೆ ಎಲ್ಲವನ್ನೂ ಬಲವಂತವಾಗಿ ಮತ್ತೆ ಮತ್ತೆ ಹೊರದೂಡುವವರುಂಟು. ಇದರಿಂದ ಆಗುವುದೇನೆಂದರೆ, ಉತ್ತರವನ್ನೇ ಕೊಡದ ಸರ್ವರುಗಳಿಗೆ ಹೋಗಬೇಕಾದ ಪತ್ರಗಳು ಕೆಲಸದ ಜಾಗವನ್ನು ಹಿಡಿದು ಕಾಯುತ್ತ ಕೂಡುತ್ತವೆ. ಸರಾಗವಾಗಿ ಹೋಗತಕ್ಕವು ಹಿಂದೆ ಬೀಳುತ್ತವೆ.

ಮೆಮೊರಿ ಸಾಲದೆ ಬರುವ ತೊಂದರೆಯೂ ಪತ್ರ ತಡವಾದಂತೆಯೇ ಕಾಣುತ್ತದೆ. ಪೋಸ್ಟ್‌ಫಿಕ್ಸ್ ಮಿತಾಹಾರಿ. ಅದರ ಜೊತೆಗಿಡುವ ವೈರಸ್ ಪರೀಕ್ಷಕ ಕ್ಲಾಮ್‌ಎವಿ ಹಾಗಲ್ಲ. ಒಂದು ಗಿಗಾಬೈಟಿಗೂ ಮಿಕ್ಕಿ ಬೇಡುತ್ತದೆ. ಸಣ್ಣ ಯಂತ್ರದಲ್ಲಿ ಮೆಮೊರಿ ತೀರಿದಾಗ ಲಿನಕ್ಸ್ ಯಾವುದಾದರೊಂದು ಪ್ರಕ್ರಿಯೆಯನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಹೆಚ್ಚು ತಿನ್ನುವವನೇ ಸಾಮಾನ್ಯವಾಗಿ ಬಲಿ. ಪರೀಕ್ಷಕ ಸತ್ತರೆ, ಮಿಲ್ಟರ್ ಮೂಲಕ ಜೋಡಿಸಿದ ಕಡೆ, ಬರುವ ಪತ್ರಗಳಿಗೆಲ್ಲ 451 ಎಂಬ ಉತ್ತರ. ಹೊರಗಿನವರು ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತಾರೆ. ಆಗ ಸರದಿಯನ್ನು ಕೆದಕಿ ಫಲವಿಲ್ಲ. ಸಿಸ್ಟಂ ಲಾಗಿನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲಿದೆಯೇ ನೋಡಿ, ಮೆಮೊರಿ ಹೆಚ್ಚಿಸಬೇಕು. ಹೆಚ್ಚಿಸಲು ಹಣವಿಲ್ಲದಿದ್ದರೆ ‘ಡಿಫಾಲ್ಟ್ ಪ್ರೊಸೆಸ್ ಲಿಮಿಟ್’ನ 100ನ್ನು 20ಕ್ಕೋ 30ಕ್ಕೋ ಇಳಿಸಿ ನೋಡಬಹುದು, ಪರೀಕ್ಷಕನ ಹಸಿವು ಮಾತ್ರ ಇದರಿಂದ ಇಳಿಯದು.

ಅರ್ಜಿದಾರರು ಹಿಂದಿರುಗಿದ ಪತ್ರವನ್ನು ಅಳಿಸದಿರಲಿ. ಅದರೊಳಗಿನ ಅಂಕಿಯೇ ಕಾರಣ ಹೇಳುತ್ತದೆ. ಯಾವುದೂ ಹಿಂದಿರುಗದಿದ್ದರೆ ಕಳಿಸಿದ ದಿನ, ಹೊತ್ತು ಬರೆದುಕೊಂಡು ಹೋಗಿ ಸರ್ವರಿನ ಉಸ್ತುವಾರಿಯವರನ್ನು ಕೇಳಿರಿ. ಲಾಗಿನಲ್ಲಿ ಆ ಪತ್ರದ ಸಾಲಿನಲ್ಲಿ ‘ಸೆಂಟ್’ ಎಂದೂ, ಅತ್ತ ಕಡೆಯ ಸರ್ವರು ಕೊಟ್ಟ 250 ಎಂದೂ ಇದ್ದರೆ, ಅದರ ನಕಲು ಪಡೆದಿಟ್ಟುಕೊಳ್ಳಿರಿ. ಗಡುವಿನೊಳಗೆ ಅವರ ಬಾಗಿಲಿಗೆ ಮುಟ್ಟಿತ್ತೆಂದು ತೋರಿಸಲು ಆ ಒಂದು ಸಾಲು ಬೇಕಾಗುತ್ತದೆ.