ಕಡಲ ಗಾಳಿಯ ಕಣಗಳು

ಕಡಲತೀರದ ಗಾಳಿ ಶುದ್ಧವೆಂಬುದು ಸಾಮಾನ್ಯ ನಂಬಿಕೆ. ಆದರೆ ಅದರಲ್ಲಿಯೂ ಕಣ್ಣಿಗೆ ಕಾಣದ ಕಣಗಳು ತೇಲುತ್ತಿರುತ್ತವೆ. ಅಲೆಯೊಡೆದು ಹಾರಿದ ಉಪ್ಪು, ನೆಲದ ಧೂಳು, ಹೊಗೆ ಇವು ಮುಖ್ಯವಾದುವು.

ಇವನ್ನು ಅಳೆಯುವ ಕ್ರಮ ಸರಳವಾದುದು. ಮೊದಲೇ ತೂಗಿಟ್ಟ ಶೋಧಕ ಹಾಳೆಯ ಮೂಲಕ ಗೊತ್ತಾದಷ್ಟು ಗಾಳಿಯನ್ನು ಪಂಪಿನಿಂದ ಎಳೆದು, ಹಾಳೆಯನ್ನು ಮತ್ತೆ ತೂಗುತ್ತಾರೆ. ಹೆಚ್ಚಿದ ತೂಕವೇ ಕಣಗಳ ತೂಕ. ಆದರೆ ಉಪ್ಪೆಷ್ಟು, ಹೊಗೆಯೆಷ್ಟು ಎಂಬುದನ್ನು ತಕ್ಕಡಿ ಹೇಳಲಾರದು. ಅದನ್ನು ರಸಾಯನಶಾಸ್ತ್ರವೇ ಹೇಳಬೇಕು.

ಸಮುದ್ರದ ನೀರಿನಲ್ಲಿ 1 ಗ್ರಾಂ ಸೋಡಿಯಂ ಇದ್ದರೆ ಸುಮಾರು 0.25 ಗ್ರಾಂ ಸಲ್ಫೇಟ್ ಇರುವುದು. ಹಾಳೆಯ ಮೇಲೆ 4 ಮೈಕ್ರೋಗ್ರಾಂ ಸೋಡಿಯಂ, 5 ಮೈಕ್ರೋಗ್ರಾಂ ಸಲ್ಫೇಟ್ ದೊರೆಯಿತೆನ್ನೋಣ. ಸಲ್ಫೇಟಿನಲ್ಲಿ ಕಡಲ ಉಪ್ಪಿನ ಪಾಲು 1 ಮಾತ್ರ. ಮಿಕ್ಕ 4ರಲ್ಲಿ ಕಡಲಿನ ಸೂಕ್ಷ್ಮಸಸ್ಯಗಳಿಂದ ಬಂದುದೂ ಇರಬಹುದು, ಕಲ್ಲಿದ್ದಲು-ಎಣ್ಣೆಗಳ ಹೊಗೆಯಿಂದ ಬಂದುದೂ ಇರಬಹುದು. ಜೊತೆಯಲ್ಲಿ ಮಸಿಯೂ ಸಿಕ್ಕರೆ ಹೊಗೆಯ ಗುರುತು ಸ್ಪಷ್ಟವಾಗುವುದು.

1999ರ ಜನವರಿಯಿಂದ ಮಾರ್ಚಿಯವರೆಗೆ ನಡೆದ ‘ಇಂಡೋಎಕ್ಸ್’ ಪ್ರಯೋಗದಲ್ಲಿ ಮಾಲ್ಡೀವ್ಸಿನ ಕಾಶಿಧೂ ದ್ವೀಪದ ಗಾಳಿಯನ್ನು ಪರೀಕ್ಷಿಸಿದರು. ನಡುಗಡಲಿನ ಆ ಪುಟ್ಟ ದ್ವೀಪದಲ್ಲಿಯೂ ಸಲ್ಫೇಟ್ ಮತ್ತು ಮಸಿ ದೊರೆತುವು. ಆ ಋತುವಿನ ಈಶಾನ್ಯ ಮಾರುತ ದಕ್ಷಿಣ ಏಷ್ಯದ ಹೊಗೆಯನ್ನು ಅಲ್ಲಿಗೆ ಒಯ್ದಿತ್ತು.

ಆದುದರಿಂದ ತೂಕವೊಂದೇ ಸಾಲದು. ಕಡಲ ಉಪ್ಪನ್ನು ನಾವು ತಡೆಯಲಾರೆವು, ಹೊಗೆಯನ್ನು ತಡೆಯಬಲ್ಲೆವು. ಯಾವುದು ಎಷ್ಟೆಂದು ತಿಳಿದರೆ ತಾನೆ, ನಮ್ಮ ಹೊಣೆ ಎಷ್ಟೆಂಬುದೂ ತಿಳಿಯುವುದು?