ಪಿಕಪ್ ಮಾಲಕರೇ, ನಿಂತಲ್ಲೇ ಇಂಜಿನ್ ಓಡಿಸದಿರಿ

ಕಾಂದಿವಲಿ: ಚಾರ್ಕೋಪ್, ಪೊಯ್ಸರ್ ಪರಿಸರದಲ್ಲಿ ಹೊಟೇಲು, ಕ್ಯಾಟರಿಂಗ್ ವ್ಯವಹಾರಕ್ಕೆ ಡೀಸೆಲ್ ಪಿಕಪ್ ನೆಚ್ಚಿಕೊಂಡಿರುವ ತುಳು-ಕನ್ನಡಿಗ ಬಂಧುಗಳು ಗಮನಿಸಬೇಕಾದ ವಿಷಯವಿದು. ಮುಂಜಾನೆ ಇಂಜಿನ್ ಚಾಲೂ ಮಾಡಿಟ್ಟು ಚಹಾಕ್ಕೆ ಹೋಗುವ ಹಳೆಯ ರೂಢಿ, 2020ರ ಎಪ್ರಿಲ್ 1ರಿಂದ ದೇಶದಾದ್ಯಂತ ಕಡ್ಡಾಯವಾದ ಬಿಎಸ್-6 ಗಾಡಿಗಳಿಗೆ ಒಗ್ಗದು.

ಇವುಗಳ ಹೊಗೆ ಕೊಳವೆಯಲ್ಲಿರುವ ಫಿಲ್ಟರ್ ಮಸಿಯನ್ನು ತಡೆದು, ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ಬೂದಿ ಮಾಡುತ್ತದೆ. ನಿಂತಲ್ಲೇ ಓಡುವ ಇಂಜಿನ್‌ನ ಹೊಗೆ ಅಷ್ಟು ಬಿಸಿಯೇರದು. ಮಸಿ ಕಟ್ಟಿಕೊಂಡರೆ ದುರಸ್ತಿ ಬಲು ದುಬಾರಿ. ಡೀಸೆಲ್‌ಗೆ ಬೆರೆಸುವ ಬಾಟಲಿ ಔಷಧಿ ಈ ರೂಢಿಗೆ ಮದ್ದಲ್ಲ. ಯೂರಿಯಾ ದ್ರಾವಣ ಬೇಕಿರುವ ಗಾಡಿಗಳಲ್ಲಿ ಅದರ ಟ್ಯಾಂಕೇ ಬೇರೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಇಂಜೆಕ್ಟರ್‌ಗಳು ಕೆಡುತ್ತವೆ.

ಫಿಲ್ಟರ್ ದೀಪ ಬೆಳಗಿದರೆ ಕಡೆಗಣಿಸದೆ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಪಶ್ಚಿಮ ದ್ರುತಗತಿ ಹೆದ್ದಾರಿಯಲ್ಲಿ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿಸುವುದು ಲೇಸು. ಗಾಡಿ ಉಳಿದರೆ ದುಡಿಮೆಯೂ ಉಳಿದೀತು.